ನಾಲ್ಕೂ ಕಡೆ ಹೊಲಿಗೆ

ಖಾಕಿ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದರೆ ಒಂದು ವಾಸನೆ ಏಳುತ್ತದೆ. ಕಳೆದ ವಾರ ಪವಾಯಿಯ ನಮ್ಮ ಫ್ಲ್ಯಾಟಿನಲ್ಲಿ ಮಗಳ ಶಾಲೆಯ ಪರೇಡಿನ ಅಂಗಿಗೆ ಇಸ್ತ್ರಿ ಹಾಕುವಾಗ ಅದು ಮೂಗಿಗೆ ಬಡಿಯಿತು. ಭಾಂಡುಪ್‌ನಲ್ಲಿ ನಾವಿದ್ದ ಚಾಳ್, ಅದರ ಕೆಳಗಿನ ಖೋಲಿಯಲ್ಲಿ ಮೆಷಿನ್ ತುಳಿಯುತ್ತಿದ್ದ ದರ್ಜಿ ಚಾಚಾ... ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕೂತುಬಿಟ್ಟೆ.

ಚಾಚಾ ವಿಜಯಪುರದ ಕಡೆಯವರು. ಹೊಲಿಯುತ್ತಿದ್ದದ್ದು ಪೊಲೀಸರ ಯೂನಿಫಾರ್ಮ್ ಮಾತ್ರ. ನನ್ನ ಕಾಲೇಜಿನ ಕುರ್ತಾಗಳನ್ನಷ್ಟೇ ಬೈದುಕೊಂಡು ಹೊಲಿದುಕೊಡುತ್ತಿದ್ದರು. ಎಂಥ ದೊಡ್ಡ ಸಾಹೇಬ ಬಂದರೂ ಟೇಪು ತೆಗೆಯುವ ಮುಂಚೆ ಹೆಸರು ಕೇಳಿ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವರು. ಎದೆಯ ಮೇಲಿನ ಹೆಸರಿನ ಪಟ್ಟಿಗೆ ನಾಲ್ಕೂ ಕಡೆ ಬಿಗಿ ಹೊಲಿಗೆ. "ಹಿಡಿಲಿಕ್ಕ ಬಂದಾವ ಯಾರಂತ ಎದುರಿನವಂಗ ಗೊತ್ತಾಗಬೇಕು ಬೇಟಾ. ಅದು ಕಾಯ್ದೆ," ಎನ್ನುವಾಗ ಆ ಕಾಯ್ದೆಯನ್ನೂ ತಾವೇ ಹೊಲಿದವರ ಗತ್ತು. ನನಗೆ ನಗು ಬರುತ್ತಿತ್ತು.

ನಗು ನಿಂತದ್ದು ಅಪ್ಪನ ಬೆರಳು ಮುರಿದಾಗ. ಅಪ್ಪ ಉಡುಪಿ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದರು. ಹೋಟೆಲಿನ ಮುಂದೆ ನಡೆದ ಯಾರದೋ ಜಗಳಕ್ಕೆ ಪೊಲೀಸರು ಅವರನ್ನೂ ಎಳೆದೊಯ್ದು, ಚೌಕಿಯಲ್ಲಿ ಬಲಗೈ ಮೇಲೆ ಲಾಠಿ ಬೀಸಿ, ಒಂದು ಕಾಗದವನ್ನೂ ಬರೆಯದೆ ಸಂಜೆಗೆ ಬಿಟ್ಟರು. ಸೌಟು ಹಿಡಿಯಲಾಗದ ಅಪ್ಪ ಪರಿಹಾರ ಕೇಳಿ ದಾವೆ ಹೂಡಿದರು. ಅಪ್ಪ ಗುರುತು ಹಿಡಿದ ಅಧಿಕಾರಿ, ತಾನು ಇವರನ್ನು ಕಂಡೇ ಇಲ್ಲ ಎಂದ. ಹಾಗಾದರೆ ಅವತ್ತು ಹೆಸರೇಕೆ ಓದಲಿಲ್ಲ ಎಂದು ಅವನ ವಕೀಲರು ಕೇಳಿದರು. ಹೆಸರಿರಬೇಕಾದಲ್ಲಿ ಹೊಳೆಯುವ ಎರಡು ಚುಕ್ಕೆಗಳಷ್ಟೇ ಇದ್ದವು ಎಂದರು ಅಪ್ಪ. ಯಾರೂ ನಂಬಿದಂತೆ ಕಾಣಲಿಲ್ಲ.

ಇದನ್ನು ಚಾಚಾಗೆ ಹೇಳಿದೆ. ಮೆಷಿನ್ ನಿಂತಿತು. ಅವರು ಪುಸ್ತಕ ತಿರುವಿದರು. ಅಷ್ಟೂ ಹೆಸರುಗಳಲ್ಲಿ ಒಂದೇ ಒಂದರ ಮುಂದೆ 'ಟಿಚ್ ಬಟನ್ ಎರಡು' ಎಂದು ಅವರದೇ ಅಕ್ಷರ. ಒತ್ತಿದರೆ ಕೂರುವ, ಎಳೆದರೆ ಬಿಡುವ ಗುಂಡಿ. ಹೆಸರು ಆ ಅಧಿಕಾರಿಯದೇ. ಪಟ್ಟಿ ತೆಗೆದಿಟ್ಟು ಅಂಗಿ ಒಗೆಯಲು ಅನುಕೂಲ ಎಂದಿದ್ದನಂತೆ. ಚಾಚಾ ನಂಬಿ ಹಾಕಿಕೊಟ್ಟಿದ್ದರು.

ಅಂದೇ ಪುಸ್ತಕ ಬಗಲಲ್ಲಿಟ್ಟುಕೊಂಡು ನಮ್ಮ ಖೋಲಿಗೆ ಬಂದರು. "ಆ ಗುಂಡಿ ಹಚ್ಚಿದ ಕೈ ಇದರೀ," ಎಂದು ಅಪ್ಪನ ಮುಂದೆ ಕೈ ಚಾಚಿ ನಿಂತರು.

"ನಿಮಗೆಂತ ಗೊತ್ತಿತ್ತು ಮಾರಾಯ್ರೆ, ಕೂತ್ಕೊಳ್ಳಿ," ಎಂದರು ಅಪ್ಪ.

ಸಾಕ್ಷಿ ಹೇಳಿದರೆ ಒಬ್ಬ ಗಿರಾಕಿಯೂ ಉಳಿಯುವುದಿಲ್ಲ ಎಂದು ನಾನೇ ಎಚ್ಚರಿಸಿದೆ. ಚಾಚಾ ನನ್ನತ್ತ ತಿರುಗಿ, "ಹೊಲದಾವ ನಾ. ಹೊಲದೇ ಇಲ್ಲ ಅನ್ನಲೇನು?" ಎಂದರು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ.

ಕೋರ್ಟಿನಲ್ಲಿ ಪುಸ್ತಕ ಬಿಚ್ಚಿಟ್ಟು ಎಲ್ಲವನ್ನೂ ಹೇಳಿದರು. ಸರ್ಕಾರದ ಜೊತೆಗೆ ಆ ಅಧಿಕಾರಿಯೂ ಪರಿಹಾರಕ್ಕೆ ಹೊಣೆ ಎಂದು ತೀರ್ಪು ಬಂತು. ಅಪ್ಪನ ಬೆರಳುಗಳು ಮಾತ್ರ ಮೊದಲಿನಂತಾಗಲಿಲ್ಲ... ಚಾಚಾನ ಬಾಗಿಲಿಗೆ ಮತ್ತೆ ಖಾಕಿ ಬರಲಿಲ್ಲ. ಸೀರೆಗೆ ಫಾಲ್ ಹಚ್ಚುತ್ತ, ಬಣ್ಣ ಹೊಂದಲಿಲ್ಲವೆಂದು ಚಾಳಿನ ಹೆಂಗಸರೊಡನೆ ಜಗಳ ಕಾಯುತ್ತ ಉಳಿದ ವರ್ಷಗಳನ್ನು ಕಳೆದರು. ನಮ್ಮೆದುರು ಒಮ್ಮೆಯೂ ಹೋದ ಗಿರಾಕಿಗಳ ಮಾತೆತ್ತಲಿಲ್ಲ. ಅವರು ತೀರಿಕೊಂಡಾಗ ನಾನು ಬಾಣಂತಿ, ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಮಗಳ ಅಂಗಿಯ ಹೆಸರಿನ ಪಟ್ಟಿಗೂ ಅಂಗಡಿಯವರು ಟಿಚ್ ಬಟನ್ ಹಾಕಿ ಕೊಟ್ಟಿದ್ದರು. ಎರಡನ್ನೂ ಕತ್ತರಿಸಿ, ಸೂಜಿ ಹಿಡಿದು ಕೂತೆ.

"ಮಮ್ಮಿ, ಫಿರ್ ಇದು ವಾಶ್ ಹೇಗೆ ಮಾಡೋದು?" ಎಂದಳು ಮಗಳು.

"ಹೆಸರು ಸಮೇತ," ಎಂದೆ.

ಹೊಲಿಗೆ ಸೊಟ್ಟಗಾಯಿತು. ಚಾಚಾ ಇದ್ದಿದ್ದರೆ ನನ್ನನ್ನು ಬೈದು, ಅಷ್ಟನ್ನೂ ಬಿಚ್ಚಿ, ತಾವೇ ಹೊಲಿದುಕೊಡುತ್ತಿದ್ದರು.