ಹೇಳಿದ ಬೆಲೆಗೆ ಕೊಂಡ ಬಣ್ಣ

ಅಂಗಡಿಯವನು ಹೇಳಿದ ಬೆಲೆಯನ್ನು ತುಟಿ ಪಿಟಕ್ಕೆನ್ನದೆ ಕೊಟ್ಟು ನಾನು ಹೊರಬಿದ್ದದ್ದು ಜೀವಮಾನದಲ್ಲಿ ಒಂದೇ ಸಲ. ಕೊಂಡದ್ದು ಮೂರು ಟ್ಯೂಬು ಬಣ್ಣ. ಮೂರೂ ಒಂದು ಹನಿಯೂ ಖರ್ಚಾಗದೆ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿವೆ. ಚೌಕಾಸಿ ಬಿಟ್ಟರೆ ಹೀಗೇ ಆಗುವುದು ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ, ಪೂರ್ತಿ ಓದಿದ ಮೇಲೆ ನಗಿ.

ಕುಮಟಾದಲ್ಲಿ ನನ್ನದೊಂದು ಸೈಕಲ್ ಅಂಗಡಿ. ಮರದ ನೆರಳಲ್ಲಿ ಪಂಕ್ಚರು ಹಾಕುತ್ತ ಕೂತವನು ಹನ್ನೆರಡು ಬಾಡಿಗೆ ಸೈಕಲ್ಲುಗಳ ಮಾಲೀಕನಾದೆ. ಕೊಂಕಣ ರೈಲು ಓಡತೊಡಗಿದ ಆ ವರ್ಷಗಳಲ್ಲಿ ಊರವರೆಲ್ಲ ಬೈಕು ಹತ್ತಿದರು. ನನಗೆ ಕೈ ಖಾಲಿಯಾಯಿತು, ಚಿತ್ರ ಬರೆಯುವ ಹುಚ್ಚು ಹತ್ತಿತು. ಹುಚ್ಚಿಗೆ ದುಡ್ಡು ಸುರಿಯುವ ಜಾತಿಯಲ್ಲ ನಾನು. ನೀವೂ ಸುರಿಯಬೇಡಿ. ಕಾಗದಕ್ಕೆ ಹೊನ್ನಾವರಕ್ಕೆ ಹೋಗಿ. ಅಲ್ಲಿನ ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಕತ್ತರಿಸಿ ಉಳಿದ ದಪ್ಪ ಹಾಳೆಯನ್ನು ರದ್ದಿಗೆ ಹಾಕುವ ಮೊದಲು ಕೇಳಿದರೆ ಸಾಕು. ಗಡ್ಡದ ಬ್ರಶ್ಶಿನ ನಾಲ್ಕು ಕೂದಲು ಕಿತ್ತು, ಮುರಿದ ಸೈಕಲ್ ಕಡ್ಡಿಯ ತುದಿಗೆ ವಾಲ್‌ಟ್ಯೂಬಿನ ಸಣ್ಣ ರಬ್ಬರು ಕೊಳವೆಯಿಂದ ಬಿಗಿಯಿರಿ: ರೆಪ್ಪೆಯ ಕೂದಲು ಬರೆಯುವಷ್ಟು ಸಣ್ಣ ಕುಂಚ. ಬಣ್ಣ ಕಲಸಲು ಸೈಕಲ್ ಗಂಟೆಯ ಮುಚ್ಚಳ. ಕೆಂಪಿಗೆ ಹಳೇ ಪಂಚೆಯಲ್ಲಿ ಸೋಸಿದ ಕೆಮ್ಮಣ್ಣು, ಕಪ್ಪಿಗೆ ದೀಪದ ಮಸಿ, ಅಂಟಿಗೆ ಗೇರುಮರದ ಗೋಂದು. ಬಿಳಿಗೆ ಹೊಳೆದಂಡೆಯ ಅಘನಾಶಿನಿ ಊರಿನ ಮಾದೇವಕ್ಕ ಚಿಪ್ಪು ಸುಟ್ಟು ಮಾಡುವ ಚಿಪ್ಪಿಸುಣ್ಣ.

ಗುಹೆಯ ಗೋಡೆಯ ಮೇಲೆ ಕಾಡುಕೋಣ ಬರೆದವರೂ ನನ್ನ ಹಾಗೆ ಬಿಟ್ಟಿ ಗಿರಾಕಿಗಳೇ ಎಂದು ಎಲ್ಲೋ ಓದಿದ್ದೆ. ಮಣ್ಣು, ಮಸಿ, ಸುಣ್ಣ. ಸಾವಿರಾರು ವರ್ಷವಾದರೂ ಕೋಣಗಳು ನಿಂತಲ್ಲೇ ನಿಂತಿವೆಯಂತೆ. ಅಷ್ಟಕ್ಕೇ ನಾನೂ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಮನುಷ್ಯರ ಕೆನ್ನೆ ಬರೆಯುವ ಆಸೆ ಹುಟ್ಟಿತು. ಕೆಮ್ಮಣ್ಣಿನಲ್ಲಿ ಬರೆದ ಕೆನ್ನೆ ಹಂಚಿನ ಹಾಗೆ ಕಾಣುತ್ತಿತ್ತು. ಅದಕ್ಕೆ ಭಟ್ಕಳದ ಪೇಟೆಗೆ ಹೋದೆ. ದುಬೈಯಿಂದ ಬಂದ ಸಾಮಾನು ಮಾರುವ ಸಾಹೇಬರೊಬ್ಬರ ಅಂಗಡಿಯಲ್ಲಿ ಲೇಬಲ್ಲು ಕಿತ್ತುಹೋದ ಎರಡು ಬಾಟಲಿ ಶಾಯಿ ಕಂಡಿತು: ಒಂದು ಗುಲಾಬಿ, ಒಂದು ಕಂದು.

"ಅರೆ ಭಾಯ್, ಇದು ಚಿತ್ರಕ್ಕೆ ನಿಲ್ಲೂದಿಲ್ಲ. ಒಳ್ಳೇದು ಬೇಕಾದ್ರೆ ಆ ಟ್ಯೂಬು ತಕೊಳ್ಳಿ" ಎಂದು ಅವರೇ ಹೇಳಿದರು.

"ನಿಲ್ಲೂದಿಲ್ಲ ಅಂದ್ಮೇಲೆ ಅರ್ಧಕ್ಕೆ ಕೊಡಿ" ಎಂದೆ. ಕೊಟ್ಟರು. ಬಸ್ಸಿನ ದಾರಿಯುದ್ದಕ್ಕೂ ಶರಾವತಿ ಸೇತುವೆ ಗೆದ್ದವನ ಹಾಗೆ ಕೂತು ಬಂದೆ.

ಆ ಶಾಯಿಯಲ್ಲಿ ಮೊದಲು ಬರೆದದ್ದು ಧಾರೇಶ್ವರದ ಕಡಲಿನ ಸೂರ್ಯಾಸ್ತ. ಅಂಗಡಿಯಲ್ಲಿ ತೂಗುಹಾಕಿದೆ. ಒಂದು ಬೇಸಿಗೆಯೊಳಗೆ ಅದು ಸೂರ್ಯನೂ ಇಲ್ಲದ, ಅಸ್ತವೂ ಇಲ್ಲದ ಬಿಳಿ ಹಾಳೆಯಾಯಿತು. ಇದನ್ನು ಚೆನ್ನಾಗಿ ನೆನಪಿಡಿ, ಯಾಕೆಂದರೆ ನಾನು ಇದನ್ನು ಮರೆತಿರಲಿಲ್ಲ.

ಸುಣ್ಣ ಕೊಡುವ ಆ ಮಾದೇವಕ್ಕ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಪೇಟೆಗೆ ತಂದು ಮಾರುವವಳು. ಗಂಡ ಇಲ್ಲ, ಇದ್ದದ್ದು ಒಬ್ಬಳೇ ಮಗಳು, ಸಾವಿತ್ರಿ. ಆ ಮಳೆಗಾಲ ಹದಿನಾರು ವರ್ಷದ ಆ ಹುಡುಗಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ತಿಂಗಳ ನಂತರ ಮಾದೇವಕ್ಕ ಬುಟ್ಟಿಯಿಲ್ಲದೆ ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಕರೆದೆ. ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ತೋರಿಸಿದಳು. ಪರೀಕ್ಷೆಯ ಫಾರ್ಮಿಗೆಂದು ತೆಗೆಸಿ ಉಳಿದಿದ್ದ ಸಣ್ಣ ಫೋಟೋ. ಅದೊಂದೇ ಇದ್ದದ್ದು.

"ಸ್ಟುಡಿಯೋಕೆ ಹೊಂಟಿದ್ದೆ ತಮ್ಮಾ. ದೊಡ್ಡದು ಮಾಡಿ ಕೊಡ್ತ್ರಂತೆ."

ಸ್ಟುಡಿಯೋ ಇದ್ದದ್ದು ನನ್ನ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ. ಅವಳನ್ನು ಅಷ್ಟು ದೂರ ಹೋಗಲು ಬಿಟ್ಟಿದ್ದರೆ ಸಾಕಿತ್ತು. ಆದರೆ ಉಪದೇಶ ಕೊಡುವ ಅವಕಾಶ ಸಿಕ್ಕರೆ ನಾನು ಬಿಡುವವನೇ?

"ಅವ್ರಿಗೆ ಎಂತಕ್ಕೆ ದುಡ್ಡು ಹಾಕ್ತೆ ಮಾದೇವಕ್ಕ? ಕೊಡು ಇಲ್ಲಿ. ಬಣ್ಣದಲ್ಲೇ ಬರ್ದು ಕೊಡ್ತೆ."

ಚಿಕ್ಕ ಚಿತ್ರವನ್ನು ದೊಡ್ಡದಾಗಿ ಬರೆಯಲು ಒಂದು ಉಪಾಯವಿದೆ: ಅದರ ಮೇಲೆ ಚೌಕ ಚೌಕ ಗೆರೆ ಹಾಕಿ, ಕಾಗದದ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದನ್ನೇ ತುಂಬುತ್ತ ಹೋಗುವುದು. ತಿಳಿದವರು ಗೆರೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆದು ಫೋಟೋದ ಮೇಲಿಡುತ್ತಾರೆ. ನಾನು ಪ್ಲಾಸ್ಟಿಕ್ಕಿನ ಖರ್ಚು ಉಳಿಸಿದೆ. ಅಗ್ಗದ ಬಾಲ್‌ಪೆನ್ನಿನಿಂದ ನೇರ ಹುಡುಗಿಯ ಮುಖದ ಮೇಲೇ ಎಳೆದೆ. ಒಂದು ಕೆನ್ನೆಯ ಮೇಲೆ ಚುಕ್ಕೆ ಇತ್ತು. ನೊಣದ ಕಲೆಯೆಂದು ಬಿಟ್ಟುಬಿಟ್ಟೆ. ಕೆನ್ನೆ, ಹಣೆ, ತುಟಿಗೆಲ್ಲ ಭಟ್ಕಳದ ಶಾಯಿ ಬಳಿದೆ. ಅದು ನಿಲ್ಲುವುದಿಲ್ಲ ಎಂದು ಗೊತ್ತಿತ್ತು. ಬಳಚು ಮಾರುವವಳ ಗೋಡೆಗೆ ಇಷ್ಟು ಸಾಕು ಅಂದುಕೊಂಡೆ. ಈ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಇರಲಿ.

ಕೂದಲಿಗೆ ದೀಪದ ಮಸಿ, ಮುಡಿದ ಮಲ್ಲಿಗೆಯನ್ನು ಮಾತ್ರ ಮಾದೇವಕ್ಕನದೇ ಚಿಪ್ಪಿಸುಣ್ಣದಲ್ಲಿ ಬರೆದಿದ್ದೆ.

ಮುಂದಿನ ವರ್ಷ ಮಾದೇವಕ್ಕ ಚಿತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಕಪ್ಪು ಕೂದಲಿತ್ತು, ಬಿಳಿ ಮಲ್ಲಿಗೆಯಿತ್ತು. ನಡುವೆ ಮುಖ ಇರಲಿಲ್ಲ.

"ತಮ್ಮಾ, ಇದು ಹಿಂಗೇ ಹೋಗೂದಾ?"

"ಬಿಸಿಲಿಗೆ ಇಟ್ಟಿದ್ಯಾ ಎಂತ?" ಎಂದೆ, ಇನ್ನೂ ಚೌಕಾಸಿ ಬಿಡದೆ.

"ಬಾಗ್ಲ ಎದುರಿಗೆ ಇಟ್ಟಿದ್ದೆ. ಬೆಳಕು ಬರೂದು ಅಲ್ಲೊಂದೇ ಅಲ್ದಾ?"

ಫೋಟೋ ನೋಡೋಣವೆಂದು ಕೇಳಿದೆ. ತಂದಿದ್ದಳು. ನನ್ನ ಬಾಲ್‌ಪೆನ್ನಿನ ಗೆರೆಗಳು ಮಳೆಗಾಲದ ತೇವಕ್ಕೆ ಹರಡಿ ಮುಖವೆಲ್ಲ ನೀಲಿ ಕೆಸರಾಗಿತ್ತು. ಸ್ಟುಡಿಯೋಕ್ಕೆ ಓಡಿದೆ. ಹಳೇ ನೆಗೆಟಿವ್‌ಗಳನ್ನು ಎಂದೋ ಎಸೆದಾಗಿತ್ತು. ಜಗತ್ತಿನಲ್ಲಿ ಉಳಿದಿದ್ದ ಒಂದೇ ಒಂದು ಮುಖವನ್ನು ನಾನು ಎರಡು ಸಲ ಅಳಿಸಿದ್ದೆ.

ಮರುದಿನ ಭಟ್ಕಳಕ್ಕೆ ಹೋದೆ. ಮೈಬಣ್ಣಕ್ಕೆ ಬೇಕಾದ, ಮಾಸದ ಮೂರು ಟ್ಯೂಬು ಕೇಳಿದೆ, ಹೇಳಿದಷ್ಟು ಕೊಟ್ಟೆ. ಸಾಹೇಬರು ನೋಟು ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಎಂತ ಭಾಯ್, ತಬಿಯತ್ ಸರಿ ಇಲ್ವಾ? ಕೂತ್ಕೊಳ್ಳಿ, ಚಾ ತರಿಸ್ತೇನೆ."

ಅಘನಾಶಿನಿಯ ಅವಳ ಮನೆಯ ಜಗಲಿಯಲ್ಲಿ ಕಾಗದ ಹರಡಿ ಕೂತೆ. ಹೇಳು, ಬರೆಯುತ್ತೇನೆ ಎಂದೆ. ಮೂಗು ತನ್ನದೇ ಎಂದಳು, ಬರೆದೆ. ಕಣ್ಣು ಅಪ್ಪನದು ಎಂದಳು. ಅಪ್ಪನನ್ನು ನಾನು ಕಂಡವನಲ್ಲ.

"ಗಲ್ಲದ ಮೇಲೆ ಮಚ್ಚೆ ಇತ್ತಲೋ, ಅದು ಹಾಕು."

ನೊಣದ ಕಲೆ! ಅದು ಯಾವ ಕೆನ್ನೆಯಲ್ಲಿತ್ತೆಂದು ನಾನೂ ನೋಡಿಟ್ಟಿರಲಿಲ್ಲ. "ಯಾವ ಬದಿಗೆ ಮಾದೇವಕ್ಕ?"

ಅವಳ ಕೈ ತನ್ನ ಬಲಗೆನ್ನೆಗೆ ಹೋಯಿತು. ಅಲ್ಲಿಂದ ಎಡಕ್ಕೆ ಬಂತು. ಎದ್ದು ಒಳಗೆ ಹೋಗಿ ನಾನು ಬರೆದ ಹಳೇ ಚಿತ್ರವನ್ನು ಹೊರಗೆ ತಂದು ನೋಡಿದಳು.

"ಇದ್ರಲ್ಲಿ ಇಲ್ವಲೋ. ಎಂತ ಹೆತ್ತವಳು ನಾನು, ಮಚ್ಚೆ ಯಾವ ಬದಿಗೆ ಅಂತ ನೆನಪಿಲ್ಲ!"

ನಾನು ಪೆನ್ಸಿಲ್ಲು ಕೆಳಗಿಟ್ಟೆ. ಅವಳೇ ಹೇಳಿದಳು: "ಹಿಂದಿಂದ ಬರೀಲಿಕ್ಕೆ ಬತ್ತದ್ಯಾ ತಮ್ಮಾ? ದಿನಾ ಬೆಳಿಗ್ಗೆ ತಲೆ ಬಾಚ್ತಿದ್ದವಳು ನಾನು. ಹಿಂದಿಂದ ನಂಗೆ ಒಂದೊಂದು ಕೂದ್ಲೂ ಗೊತ್ತು."

ಬರೆದೆ. ಅವಳು ಹೇಳುತ್ತ ಹೋದಳು: ಬೈತಲೆ ನಡುವಿಗೆ ಬಂದು ಸ್ವಲ್ಪ ಸೊಟ್ಟಾಗುವುದು, ಎಡಕಿವಿಯ ಹಿಂದೆ ಜಡೆಗೆ ಸಿಕ್ಕದ ಗುಂಗುರು, ಜಡೆ ಎಷ್ಟು ದಪ್ಪ, ರಿಬ್ಬನ್ನಿನ ಗಂಟು ಎಲ್ಲಿ. ಒಂದು ಸಲವೂ ತಡವರಿಸಲಿಲ್ಲ. ಎಲ್ಲಕ್ಕೂ ಬೇಕಾದದ್ದು ದೀಪದ ಮಸಿ, ಕೆಮ್ಮಣ್ಣು, ಮಲ್ಲಿಗೆಗೆ ಅವಳ ಸುಣ್ಣ. ಮೈಬಣ್ಣದ ಟ್ಯೂಬಿನ ಮುಚ್ಚಳ ತೆಗೆಯುವ ಅಗತ್ಯವೇ ಬರಲಿಲ್ಲ.

ಈಗ ಯಾರಾದರೂ ತೀರಿಹೋದವರ ಫೋಟೋ ಹಿಡಿದು ನನ್ನಲ್ಲಿಗೆ ಬಂದರೆ, ನಾಲ್ಕು ಬಾಗಿಲು ಆಚೆಗೆ ನಾನೇ ಕರೆದುಕೊಂಡು ಹೋಗಿ, ಮೊದಲು ಎರಡು ಪ್ರತಿ ತೆಗೆಸಿ ಅನ್ನುತ್ತೇನೆ. ಬೇರೆ ಯಾವ ಸಲಹೆ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

ಹೊಸ ಚಿತ್ರವೂ ಬಾಗಿಲ ಎದುರಿಗೇ ಇದೆ, ವರ್ಷಗಳಾದವು, ಮಾಸಿಲ್ಲ. ಒಮ್ಮೆ ನಾನಲ್ಲಿದ್ದಾಗ ನೆರೆಮನೆಯ ಹೆಂಗಸೊಬ್ಬಳು ಕೇಳಿದಳು: "ಇದೆಂತದೇ ಮಾದೇವಿ, ನಿನ್ನ ಮಗಳು ಬೆನ್ನು ಹಾಕಿ ಕೂತದೆ?"

ಮಾದೇವಕ್ಕ ಬಳಚಿನ ಬುಟ್ಟಿಯಿಂದ ತಲೆಯೆತ್ತಲಿಲ್ಲ. "ತಲೆ ಬಾಚಿ ಆತು. ಇನ್ನು ತಿರುಗ್ತದೆ."

ಆ ಟ್ಯೂಬುಗಳನ್ನು ಅರ್ಧ ಬೆಲೆಗಾದರೂ ಮಾರಿಬಿಡು ಎನ್ನುತ್ತಾಳೆ ನನ್ನ ಹೆಂಡತಿ. ವ್ಯಾಪಾರದ ಮಾತು, ಸರಿಯೇ. ಆದರೂ ತಿಂಗಳಿಗೊಮ್ಮೆ ಖಾನೆ ಎಳೆದು, ಒಳಗಿನ ಬಣ್ಣ ಒಣಗಿತೋ ಎಂದು ಒಂದೊಂದನ್ನೂ ಮೆಲ್ಲಗೆ ಒತ್ತಿ ನೋಡುತ್ತೇನೆ. ಇನ್ನೂ ಮೆತ್ತಗಿವೆ.