ಬಾನೆಟ್ ಮೇಲಿಟ್ಟ ಕಾಫಿ ಲೋಟ

ಹುಣಸೂರಿನಲ್ಲಿ ಹಳೇ ಗಾಡಿಗಳ ದಲ್ಲಾಳಿಯಾಗಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಮೀಟರ್ ಹಿಂದಕ್ಕೆ ತಿರುಗಿಸಿದವರನ್ನೂ ತುಕ್ಕಿನ ಮೇಲೆ ಪುಟ್ಟಿ ಮೆತ್ತಿದವರನ್ನೂ ಬೇಕಾದಷ್ಟು ಕಂಡಿದ್ದೇನೆ. ಅವರದು ಹೊಟ್ಟೆಪಾಡು. ಹೊಟ್ಟೆ ತುಂಬಿದವನು ಸುಳ್ಳು ಹೇಳಿದಾಗ ಮಾತ್ರ ನನಗೆ ಮೈ ಉರಿಯುತ್ತದೆ.

ಭೇರ್ಯದ ಹತ್ತಿರದ ರೈತರೊಬ್ಬರು ಹಿಂದೆ ರ‍್ಯಾಲಿಗಳಲ್ಲಿ ಕಾರು ಓಡಿಸಿ ಈ ಕಡೆಯೆಲ್ಲ ಹೆಸರಾಗಿದ್ದರು. ಅವರು ತೀರಿಕೊಂಡ ಮೇಲೆ ಆ ಕಾರನ್ನು ಬಿಚ್ಚಿಸಿ ಗುಜರಿಗೆ ಹಾಕಿಸಿದವನು ನಾನೇ. ಅಡಿಯೆಲ್ಲ ತುಕ್ಕು ತಿಂದು ಉಳಿಸುವಂತಿರಲಿಲ್ಲ. ಬಾನೆಟ್ ಒಂದನ್ನು ಮಾತ್ರ ಅವರ ಹೆಂಡತಿ ಕೊಟ್ಟಿರಲಿಲ್ಲ.

ಈಚೆಗೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಅದೇ ಮಾದರಿಯ ಬೇರೊಂದು ಕಾರು ಕೊಂಡ. ಹಳೇ ಫೋಟೊ ಎದುರಿಗಿಟ್ಟುಕೊಂಡು ಬಣ್ಣ, ಪಟ್ಟಿ, ದೀಪ ಎಲ್ಲ ಹಾಗೇ ಮಾಡಿಸಿದ. ಬಾಗಿಲಲ್ಲಿದ್ದ ತಗ್ಗನ್ನೂ ಬಿಡಲಿಲ್ಲ, ಸುತ್ತಿಗೆಯಲ್ಲಿ ಹೊಡೆಸಿದ. ಆಗದ ಅಪಘಾತಕ್ಕೆ ಕೂಲಿ ಕೊಟ್ಟವನನ್ನು ನಾನು ಕಂಡದ್ದು ಅದೇ ಮೊದಲು.

ಕೆಲಸವೇನೋ ಚೆನ್ನಾಗಿತ್ತು. ನಕಲು ಎಂದು ಹೇಳಿ ಮೆರೆದಿದ್ದರೆ ನಾನೂ ಬೆನ್ನು ತಟ್ಟುತ್ತಿದ್ದೆ. ಆದರೆ ಅವನು 'ಇದೇ ಆ ಕಾರು' ಎನ್ನತೊಡಗಿದ. ಹಳೇ ಕಾರುಗಳ ಪ್ರದರ್ಶನದವರು ಪುರಾವೆ ಕೇಳಿದಾಗ, ಆ ರೈತರ ಹೆಂಡತಿಯಿಂದ ಇದು ತಮ್ಮದೇ ಕಾರು ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಡು ಎಂದು ನನ್ನ ಹತ್ತಿರ ಬಂದ. ಅವನ ಜತೆ ಅದೇ ಕಾರಿನಲ್ಲಿ ಹೋದೆ. ಸಹಿ ಹಾಕಿಸಲಿಕ್ಕಲ್ಲ, ಆಯಮ್ಮ ಇವನಿಗೆ ಏನು ಹೇಳುತ್ತಾರೋ ಕೇಳಲಿಕ್ಕೆ.

ಆಯಮ್ಮನ ಮನೆಯಂಗಳದಲ್ಲಿ ಮೇವು ಕತ್ತರಿಸುವ ಯಂತ್ರದ ಮೋಟಾರಿಗೆ ಒಂದು ತಗಡು ಮುಚ್ಚಿತ್ತು. ಬಣ್ಣ ಹೋಗಿತ್ತು. ಆದರೆ ದೀಪ ಕೂರಿಸಿದ್ದ ನಾಲ್ಕು ತೂತುಗಳನ್ನು ಕಂಡ ಕೂಡಲೇ ಅದೇ ಬಾನೆಟ್ ಎಂದು ನನಗೆ ಗುರುತು ಸಿಕ್ಕಿತು. ಆ ಕಾರಿನ ಒಂದೊಂದು ಬೋಲ್ಟೂ ತನಗೆ ಬಾಯಿಪಾಠ ಎನ್ನುತ್ತಿದ್ದ ಪುಣ್ಯಾತ್ಮ, ಆಯಮ್ಮ ಕೊಟ್ಟ ಕಾಫಿ ಲೋಟವನ್ನು ಅದರ ಮೇಲೆಯೇ ಇಟ್ಟ.

ಆಯಮ್ಮ ಕಾರಿಗೆ ಒಂದು ಸುತ್ತು ಬಂದು ಬಾಗಿಲಿನ ತಗ್ಗು ಸವರಿದರು. "ಇದ್ಯಾಕಪ್ಪಾ ಇಂಗದೆ?"

"ಕಾಡಲ್ಲಿ ಮರಕ್ಕೆ ಗುದ್ದಿತ್ತಲ್ವೇನವ್ವ, ರ‍್ಯಾಲೀಲಿ!"

"ಯಾವ ಮರಾನೂ ಇಲ್ಲ ಕಣಪ್ಪ. ಓಡ್ಸಾದು ಕಲಿಯಾಕೋಗಿ ನಾನೇ ನಮ್ ಗೇಟಿಗೆ ಗುದ್ದಿದ್ದೆ."

ನಾನು ನಗು ತಡೆಯಲು ಕೆಮ್ಮಿದೆ. ಅವನು ಕಾಗದ ಚಾಚಿದ. "ಅದೆಲ್ಲ ಯಾರ್ಗ್ ಗೊತ್ತಾಯ್ತದವ್ವ? ಒಂದ್ ಸೈನ್ ಆಕ್ಬುಡಿ. ಯಜಮಾನ್ರ ಎಸ್ರು ಉಳೀತದೆ."

"ಅವರ ಎಸ್ರು ಉಳ್ಸಾಕೆ ನಾನು ಸುಳ್ಳು ಏಳ್ಬೇಕಾ? ಚೆಂದಾಗಿ ಮಾಡ್ಸಿದ್ದೀಯ. ನಕಲು ಅಂತ ಬರ್ಸು, ನಾನೇ ಬಂದು ಆರ್ತಿ ಎತ್ತೀನಿ."

ಅವನು ಮುಖ ಸಿಂಡರಿಸಿಕೊಂಡು ಲೋಟ ಎತ್ತಿ, ನನ್ನ ಕಡೆ ತಿರುಗಿದ. "ಹಳೇ ಕಾರಿಂದು ಒಂದೇ ಒಂದು ತಗ್ಡು ಸಿಕ್ಕಿದ್ರೂ ಸಾಕಿತ್ತು ಕಣಣ್ಣ. ಇದ್ಕೆ ಜೋಡ್ಸಿ, ಇದೇ ಅಸ್ಲಿ ಅಂತ ಸಾಧಿಸ್ಬುಡ್ತಿದ್ದೆ."

ಆಯಮ್ಮ ನನ್ನನ್ನೇ ನೋಡಿದರು. ಬಾಯಿಬಿಟ್ಟಿದ್ದರೆ ನನಗೆ ಒಳ್ಳೇ ಕಮಿಷನ್ ಸಿಗುತ್ತಿತ್ತು. ನಿಜವಾದ ಒಂದು ತಗಡು ಅವನ ಇಡೀ ಸುಳ್ಳಿಗೆ ಊರುಗೋಲಾಗುತ್ತಿತ್ತು.

"ಎಲ್ಲಾ ಗುಜ್ರಿಗೋಯ್ತು ಬುಡಿ," ಎಂದೆ. "ಆಕ್ಸಿದ್ದು ನಾನೇ ಅಲ್ವಾ?"

ಹಳೇ ಗಾಡಿ ಕೊಳ್ಳುವವರಿಗೆ ನನ್ನದೊಂದೇ ಮಾತು: ಮಾರುವವನು ಕಥೆ ಶುರು ಮಾಡಿದರೆ ನೀವು ಬಗ್ಗಿ ಅಡಿ ನೋಡಿ.

ಅವನು ಬಹಳ ಹುಷಾರಾಗಿ, ಗೇಟಿಗೆ ತಾಗದ ಹಾಗೆ ಕಾರು ಹೊರಗೆ ತೆಗೆದ. ಪಕ್ಕದಲ್ಲಿ ಕೂತು ಹಿಂತಿರುಗಿ ನೋಡಿದೆ. ಆಯಮ್ಮ ಬಾನೆಟ್ ಮೇಲಿನ ಕಾಫಿ ಕಲೆಯನ್ನು ಸೆರಗಿನಿಂದ ಒರೆಸುತ್ತಿದ್ದರು.