ಪುರವರದ ಗಂಗಮ್ಮನ ಮುಚ್ಚಿದ ಕಣ್ಣು

ಇದನ್ನು ಬರೆಯುತ್ತಿರುವ ಮಹಾಶಯನಿಗೆ ಆಗ ದಿನಗೂಲಿಯ ಕೆಲಸ. ಪಿಂಚಣಿ ಪಡೆಯುವ ಮುದುಕರು ಬದುಕಿದ್ದಾರೋ ಇಲ್ಲವೋ ಎಂದು ಮನೆಮನೆ ತಿರುಗಿ ಬರೆದುಕೊಳ್ಳಬೇಕು. ಪುರವರದ ಬಸವಮ್ಮನ ಮನೆಯ ಗೋಡೆಯ ಮೇಲೆ ಅವಳ ತಾಯಿ ಗಂಗಮ್ಮನ ಫೋಟೋ ಇತ್ತು. ಹಾರ ಹಾಕಿರಲಿಲ್ಲ. ಬಾಗಿಲಲ್ಲಿ ನೆಂಟರು ಬಂದರೇನೋ ಎಂಬಂತೆ ನೋಡುವ ಕಣ್ಣು. ಮಹಾಶಯ ಹಿಂದೆಮುಂದೆ ಯೋಚಿಸದೆ ಫಾರಂನಲ್ಲಿ ‘ಬದುಕಿದ್ದಾರೆ’ ಎಂದು ಗುರುತು ಹಾಕಿ, “ಅಜ್ಜೀನ ಕರೀರಿ, ಹೆಬ್ಬೆಟ್ಟು ಬೇಕು” ಎಂದ.

“ಕರೀಬೇಕಂದ್ರೆ ಗುಂಡಿ ಅಗೀಬೇಕು ಕಣಪ್ಪ. ಹಾರೆ ತರ್ಲಾ?” ಎಂದಳು ಬಸವಮ್ಮ. “ಆ ಕಣ್ಣು ನಂದು. ಮಧುಗಿರಿ ರೇಣುಕಣ್ಣ ತಗೊಂಡೋಗಿ ಅವ್ವಂಗೆ ಇಟ್ಬುಟ್ಟವ್ನೆ.”

ಮಹಾಶಯ ಫಾರಂ ಹರಿದು ಹಾಕಿ, ಮಧುಗಿರಿಗೆ ಬಂದು ಆ ರೇಣುಕಯ್ಯನ ಫೋಟೋ ಸ್ಟುಡಿಯೋ ಹುಡುಕಿಕೊಂಡು ಹೋದ. ಇಲ್ಲಿಂದ ಮುಂದೆ ಕಥೆ ಪುಣ್ಯಕ್ಕೆ ಇವನದಲ್ಲ.

ರೇಣುಕಯ್ಯನಿಗೆ ಅರವತ್ತೆರಡು. ಮದುವೆ, ನಾಮಕರಣಗಳನ್ನೆಲ್ಲ ಡ್ರೋನ್ ಹಾರಿಸುವವರು ಕಿತ್ತುಕೊಂಡ ಮೇಲೆ ಅವನ ಪಾಲಿಗೆ ಉಳಿದದ್ದು ಸಾವಿನ ಮನೆ. ಅವನ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಕೂರಿಸುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಬದುಕಿದ್ದಾಗ ಒಂದು ಫೋಟೋಗೂ ಮುಖ ಕೊಡದ ಹೆಂಗಸರು ಅವನ ಮುಂದೆ ಮೊದಲ ಸಲ ಅಲುಗಾಡದೆ ಕೂರುತ್ತಿದ್ದರು. “ಲೈಟ್ ಆರಿಸ್ರೋ, ಬಾಗ್ಲಿಂದ ಆಚೆ ಹೋಗ್ರೋ” ಎಂದು ನೆಂಟರನ್ನು ಗದರಿ, ಹೊಸಿಲು ದಾಟಿದ ಬೆಳಕು ಕೆನ್ನೆಗೆ ಬರುವವರೆಗೂ ಅವನು ಕಾಯುತ್ತಿದ್ದ.

ಕಣ್ಣಿಗೆ ಮಾತ್ರ ಹನ್ನೊಂದು ದಿನ ಕಾಯಬೇಕು. ಅತ್ತು ಮಕ್ಕಳ ಕಣ್ಣು ಕೆಂಪಾಗಿರುತ್ತದೆ, ಕೆಲಸಕ್ಕೆ ಬಾರದು. ತಿಥಿ ಮುಗಿದ ಮೇಲೆ ಮಗನನ್ನೋ ಮಗಳನ್ನೋ ಸ್ಟುಡಿಯೋಗೆ ಕರೆಸಿ, ಬಾಗಿಲ ಕಡೆ ನೋಡಿಸಿ, ಆ ಕಣ್ಣನ್ನು ಕಂಪ್ಯೂಟರಿನಲ್ಲಿ ಸತ್ತವರ ಸುಕ್ಕುಗಳ ನಡುವೆ ಕೂರಿಸುತ್ತಿದ್ದ. ಮುಚ್ಚಿದ ಕಣ್ಣಿನ ಫೋಟೋ ಅಳಿಸಿಬಿಡುತ್ತೇನೆಂದು ಪ್ರತಿ ಮನೆಗೂ ಮಾತು ಕೊಡುತ್ತಿದ್ದ. ತಮ್ಮ ಅವ್ವನನ್ನು ಹೆಣವಾಗಿ ಯಾರೂ ನೋಡಬಾರದು. ಜನ ಅವನ ಹತ್ತಿರ ಬರುತ್ತಿದ್ದುದೇ ಆ ಮಾತನ್ನು ನಂಬಿ.

ಬೆಂಗಳೂರಿನ ಮೋಹನ್ ಕುಮಾರ್ ಜರ್ಮನಿಯ ಒಂದು ಗ್ಯಾಲರಿಗೆ ಫೋಟೋ ಆರಿಸಿ ಕೊಡುವವನು. ಮಧುಗಿರಿ ಬೆಟ್ಟ ಹತ್ತಲು ಬಂದವನು ಸ್ಟುಡಿಯೋ ಗೋಡೆಯ ಮೇಲಿನ ಈ ಮುಖಗಳ ಮುಂದೆ ನಿಂತುಬಿಟ್ಟ. ರೇಣುಕಯ್ಯ ಹನ್ನೆರಡು ಮನೆಗಳಿಗೆ ತಾನೇ ಹೋಗಿ ಪ್ರದರ್ಶನಕ್ಕೆ ಒಪ್ಪಿಗೆ ಕೇಳಿ ಬಂದ. “ಕಣ್ ಬಿಟ್ಟಿರೋದು ಮಾತ್ರ ತಗೋ” ಎಂದು ಮೋಹನನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಟೀ ತರಲು ಹೋದ. ಅಷ್ಟು ಹೊತ್ತು ಸಾಕಾಗಿತ್ತು.

ಜರ್ಮನಿಯಲ್ಲಿ ಪ್ರದರ್ಶನ ಶುರುವಾದ ಸಂಜೆ ಹನ್ನೆರಡು ಮನೆಯವರೂ ಸ್ಟುಡಿಯೋಗೆ ಬಂದಿದ್ದರು. ಬಸವಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಮೋಹನನ ವಿಡಿಯೋ ಕಾಲನ್ನು ಟಿವಿಗೆ ಜೋಡಿಸಿದ್ದು, ಅಷ್ಟರಲ್ಲಿ ಸ್ಟುಡಿಯೋಗೆ ದಿನಾ ಬಂದು ಕೂರುತ್ತಿದ್ದ ನಮ್ಮ ಮಹಾಶಯ. ಜೀವನದಲ್ಲಿ ಮೊದಲ ಬಾರಿಗೆ ಕೈಹಾಕಿದ ಕೆಲಸ ಸರಿಯಾಗಿ ಆಯಿತು, ಅವತ್ತು ಆಗಬಾರದಿತ್ತು.

ಟಿವಿಯಲ್ಲಿ ಬಾಗಿಲೆತ್ತರದ ಗಂಗಮ್ಮ. ಕಣ್ಣು ಮುಚ್ಚಿದೆ. ಗದ್ದಕ್ಕೆ ಕಟ್ಟಿದ ಬಟ್ಟೆ, ಮೂಗಿನಲ್ಲಿ ಹತ್ತಿ. ಪಕ್ಕದಲ್ಲಿ ಅಂಗೈಯಗಲದ, ಕಣ್ಣು ಬಿಟ್ಟ ಫೋಟೋ. ಅಲ್ಲಿಯ ಜನ ಗ್ಲಾಸು ಹಿಡಿದುಕೊಂಡು ಹತ್ತಿಯನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಬಸವಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಲೇ ಮೋಹನ!” ರೇಣುಕಯ್ಯನ ಕೂಗಿಗೆ ಜರ್ಮನಿಯವರೂ ತಿರುಗಿದರು. “ಏನ್ಲಾ ನೇತಾಕಿದ್ದೀಯ ಅಲ್ಲಿ?”

“ಸರ್, ಇದೇ ಸರ್ ನಿಜವಾದ ವರ್ಕು. ಎಲ್ರೂ ಇದ್ರ ಮುಂದೇನೇ ನಿಂತವ್ರೆ ನೋಡಿ. ಕಣ್ಣು ಬಿಟ್ಟಿರೋದು ಬರೀ ರೀಟಚ್ಚು.”

“ನಿಜ ನೋಡ್ಬೇಕಾದ್ರೆ ನಿಮ್ಮವ್ವನ್ನ ಹಿಂಗೆ ನೇತಾಕ್ಕೊಳ್ಳೋ! ಯಾರನ್ನ ಕೇಳಿ ತಗೊಂಡೋದೆ, ಕಳ್ಳ ನನ್ಮಗನೆ?”

“ನಿಮ್ ಕಂಪ್ಯೂಟರಲ್ಲೇ ಇತ್ತಲ್ಲ ಸರ್.”

ರೇಣುಕಯ್ಯ ಆ ಮಾತು ಕೇಳಿಸದವನಂತೆ ಇನ್ನೂ ಜೋರು ಮಾಡಿದ. “ಇಳ್ಸು! ಈಗ್ಲೇ ಇಳ್ಸು!”

“ಇಳ್ಸಿದ್ರೆ ಪ್ರದರ್ಶನ ನಿಂತೋಗುತ್ತೆ ಸರ್. ನಿಮ್ ಹೆಸ್ರು ದೊಡ್ಡದಾಗಿ ಹಾಕಿದ್ದೀವಿ…”

“ಹೆಸ್ರಿಗೆ ಬೆಂಕಿ ಹಾಕು. ಅದನ್ನೂ ಇಳ್ಸು. ಇಲ್ಲಾಂದ್ರೆ ಹನ್ನೆರಡು ಮನೆಯೋರೂ ಸೇರಿ ನಿನ್ ಮೇಲೆ ಕಂಪ್ಲೇಂಟ್ ಕೊಡ್ತೀವಿ!”

ಮೋಹನ ಅಲ್ಲಿಯವರ ಕಿವಿಯಲ್ಲಿ ಏನೋ ಹೇಳಿದ. ಇಬ್ಬರು ಬಂದು ಗಂಗಮ್ಮನನ್ನು ಎತ್ತಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಕಾಲ್ ಕಡಿದುಹೋಯಿತು.

ರೇಣುಕಯ್ಯನ ಕೋಪ ಇನ್ನೂ ಇಳಿದಿರಲಿಲ್ಲ. ಮಹಾಶಯನತ್ತ ತಿರುಗಿ, “ನೀನ್ಯಾಕ್ಲಾ ಟಿವಿಗೆ ಹಾಕ್ದೆ? ದಂಡಪಿಂಡ!” ಎಂದ. ಮಹಾಶಯ ಅದನ್ನು ಒಪ್ಪಿಕೊಂಡು ವೈರು ಸುತ್ತಿಡತೊಡಗಿದ. ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ.

ಬಸವಮ್ಮ ಸೆರಗು ಇಳಿಸಿದಳು. ಅವಳ ಕಣ್ಣು ಕೆಲಸಕ್ಕೆ ಬಾರದಷ್ಟು ಕೆಂಪಾಗಿತ್ತು.

“ರೇಣುಕಣ್ಣ, ಅಳ್ಸಾಕ್ಬುಟ್ಟಿದ್ದೀನಿ ಅಂತ ನಮ್ಮನೆ ನಡುಮನೇಲಿ ನಿಂತ್ಕೊಂಡು ಹೇಳಿದ್ದೆ. ಅಳ್ಸಿದ್ದು ಅವ್ನಿಗೆ ಹೆಂಗ್ ಸಿಕ್ತು?”

ಹನ್ನೆರಡು ಮನೆಯವರೂ ಅವನನ್ನೇ ನೋಡುತ್ತಿದ್ದರು. ಗಂಗಮ್ಮನನ್ನು ಕೂರಿಸಿದ ಬೆಳಿಗ್ಗೆ ಬಾಗಿಲ ಬೆಳಕು ಅವಳ ರೆಪ್ಪೆಯ ಮೇಲೆ ಬಂದು ನಿಂತದ್ದು ರೇಣುಕಯ್ಯನಿಗೆ ನೆನಪಿತ್ತು. ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿದ್ದೂ ನೆನಪಿತ್ತು.

“ಅಳ್ಸಿರ್ಲಿಲ್ಲ ಕಣಮ್ಮ” ಎಂದ. “ನಾನು ತೆಗ್ದಿರೋದ್ರಲ್ಲೆಲ್ಲ ಅದೇ ಚೆಂದಾಗಿ ಬಂದಿತ್ತು.”